ಪರದೇಶದಲ್ಲಿ ಕಂಡ ಚಿಟ್ಟೆ

(ಪಿಲ್ಲಗುಂಪೆಯಲ್ಲಿ ಮಲೆನಾಡಿನ ಯುವಕ ಯುವತಿಯರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಊರು ಬಿಟ್ಟು ಬಂದು ಈ ಕೈಗಾರಿಕಾ ಪ್ರದೇಶದಲ್ಲಿ ದುಡಿಯುತ್ತಿರುವ ನಿಮ್ಮಲ್ಲಿ ಕೆಲವರು ಕೆಲಸದ ನಿಮಿತ್ತ ಹೊರದೇಶಗಳಿಗೂ ಹೋಗಿಬರುತ್ತೀರಿ. ಹಾಗೆ ಅಮೆರಿಕಕ್ಕೆ ಹೋದ ನಮ್ಮೂರಿನ ತರುಣನೊಬ್ಬ ನನಗೊಂದು ಚಿತ್ರ ಕಳುಹಿಸಿ, "ಸಾರ್, ನಮ್ಮ ತೋಟದ ಚಿಟ್ಟೆ ಇಲ್ಲಿಯೂ ಇದೆ" ಎಂದು ಸಂಭ್ರಮದಿಂದ ಬರೆದಿದ್ದ. ಕೇಸರಿ ರೆಕ್ಕೆ, ಕಪ್ಪು ನರಗಳು. ಮೇಲ್ನೋಟಕ್ಕೆ ನಮ್ಮ ಸ್ಟ್ರೈಪ್ಡ್ ಟೈಗರ್ ಚಿಟ್ಟೆಯೇ. ಆದರೆ ನಮ್ಮದರ ಮುಂದಿನ ರೆಕ್ಕೆಯ ತುದಿಯಲ್ಲಿ ಅಗಲವಾದ ಬಿಳಿ ಪಟ್ಟಿಯಿರುತ್ತದೆ. ಅವನ ಚಿತ್ರದಲ್ಲಿ ಇದ್ದದ್ದು ಸಣ್ಣ ಚುಕ್ಕೆಗಳು ಮಾತ್ರ. ಅದು ಮೊನಾರ್ಕ್. ಕುಲ ಒಂದೇ, ಪ್ರಭೇದ ಬೇರೆ.

ಆಫ್ರಿಕಕ್ಕೆ ಹೋದವರಿಗೆ ತೊಡಕು ತಿರುವುಮುರುವು. ಅಲ್ಲಿನ ಪುಸ್ತಕಗಳು 'ಆಫ್ರಿಕನ್ ಮೊನಾರ್ಕ್' ಎನ್ನುವುದು ನಮ್ಮ ಎಕ್ಕದ ಗಿಡದಲ್ಲಿ ಮೊಟ್ಟೆಯಿಡುವ ಪ್ಲೇನ್ ಟೈಗರನ್ನೇ. ಆದುದರಿಂದ ಡನಾಯಸ್ ಕ್ರಿಸಿಪ್ಪಸ್ ಎಂಬ ವೈಜ್ಞಾನಿಕ ನಾಮವನ್ನೇ ಬರೆದುಕೊಳ್ಳಬೇಕು. ಅದರ ವೇಷ ತೊಟ್ಟ ಡನಾಯ್ಡ್ ಎಗ್‌ಫ್ಲೈ ಹೆಣ್ಣೂ ಎರಡೂ ಖಂಡಗಳಲ್ಲಿದೆ. ಹಿಂದಿನ ರೆಕ್ಕೆಯಲ್ಲಿ ಮೂರು ನಾಲ್ಕು ಕಪ್ಪು ಚುಕ್ಕೆಗಳಿದ್ದರೆ ಪ್ಲೇನ್ ಟೈಗರ್. ಒಂದೇ ಇದ್ದರೆ ವೇಷಧಾರಿ.

ಚಂದದ ಚಿತ್ರವೊಂದೇ ಸಾಲದು. ರೆಕ್ಕೆಯ ಮೇಲ್ಭಾಗ, ಕೆಳಭಾಗ, ಕುಳಿತ ಗಿಡ, ಸ್ಥಳ, ದಿನಾಂಕ ಇಷ್ಟೂ ಬೇಕು. ಚಿಟ್ಟೆ ಅಲುಗದಿರಲೆಂದು ಅದನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ತೆಗೆಯುವವರೂ ಇದ್ದಾರೆ; ನನಗೆ ಅದು ಹೇಯವೆನಿಸುತ್ತದೆ. ಬೆಳಗಿನ ಚಳಿಗೆ ಅದು ತಾನಾಗಿಯೇ ಮರಗಟ್ಟಿ ಕುಳಿತಿರುತ್ತದೆ, ಬೇಗ ಏಳಬೇಕಷ್ಟೆ.

ಚಿಟ್ಟೆಯ ಬೆನ್ನುಹತ್ತುವವರು ಪತಂಗವನ್ನು ಕಡೆಗಣಿಸುತ್ತಾರೆ. ಕೃಷಿಯವನಾದ ನನ್ನ ಕಣ್ಣು ಅಲ್ಲಿಯೇ ಇದೆ. ಅಮೆರಿಕ ಮೂಲದ ಫಾಲ್ ಸೈನಿಕ ಹುಳು 2016ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಕಂಡಿತು. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಪತ್ತೆಯಾಯಿತು. ಭಾರತಕ್ಕೆ ಅದೇ ಮೊದಲ ವರದಿ. ಸುಳಿಯೊಳಗೆ ಕುಳಿತು ತಿಂದು, ಮರದ ಹೊಟ್ಟಿನಂಥ ಹಿಕ್ಕೆ ತುಂಬುವ ಈ ಹುಳುವಿಗೆ ನಮ್ಮ ರೈತರು ಪಟ್ಟ ಪಾಡು ನಿಮ್ಮ ಮನೆಯವರಿಗೆ ಗೊತ್ತಿದೆ. ಇದರ ಬೂದುಬಣ್ಣದ ಪತಂಗವನ್ನು ಚಿತ್ರದಲ್ಲಿ ಗುರುತಿಸುವುದು ನಮಗೂ ಕಷ್ಟ. ಮರಿಹುಳುವಾದರೆ ಸುಲಭ: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ 'ವೈ' ಅಕ್ಷರ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಹೊರನಾಡಿನ ಹೊಲದ ಬದಿಯಲ್ಲಿ ನಡೆಯುವಾಗ ಎಲೆ ತಿನ್ನುವ ಹುಳುವಿನ ಚಿತ್ರವನ್ನೂ ಮೇಲಿನಿಂದ ತೆಗೆಯಿರಿ. ನಾಳೆ ನಮ್ಮ ಗದ್ದೆಯಲ್ಲಿ ಅಪರಿಚಿತ ಹುಳುವೊಂದು ಕಂಡರೆ ಹೋಲಿಸಿ ನೋಡಲು ಅದು ಬೇಕಾದೀತು.

ಆದರೆ ಚಿತ್ರವನ್ನು ಮಾತ್ರ ತನ್ನಿ. ಕೋಶವನ್ನಾಗಲಿ, ಮೊಟ್ಟೆ ಅಂಟಿದ ಎಲೆಯನ್ನಾಗಲಿ ಚೀಲದಲ್ಲಿ ತರಬೇಡಿ. 2003ರ ಸಸ್ಯ ಸಂಗರೋಧ ಆದೇಶ ಇರುವುದೇ ಇದಕ್ಕಾಗಿ.

ಆ ತರುಣನಿಗೆ ಗಿಡದ ಚಿತ್ರವನ್ನೂ ಕೇಳಿ ಬರೆದೆ. ಮರುವಾರ ಬಂತು. ಎಲೆ ಮುರಿದರೆ ಬಿಳಿ ಹಾಲು ಒಸರುವ ಗಿಡ, ನಮ್ಮ ಎಕ್ಕದ ಬಂಧು.