ದಾರಿ ಕವಲೊಡೆಯುವ ಊರು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನ ಊರು ಗುಂಡ್ಲುಪೇಟೆ ಕಡೆ ಎಂದರೆ ಬೆಂಗಳೂರಿನ ಆಫೀಸಿನಲ್ಲಿ, ‘ಓ, ಊಟಿಗೆ ಹೋಗುವಾಗ ಸಿಗುತ್ತಲ್ಲ!’ ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಆ ದಾರಿಯಿಂದ ನಮ್ಮ ಬದುಕು ಹೇಗೆ ನಡೆಯುತ್ತಿದೆ ಎಂಬುದನ್ನು ಇವತ್ತು ಸ್ವಲ್ಪ ಹೇಳುತ್ತೇನೆ.

ಮೈಸೂರಿನಿಂದ ಬರುವ ರಸ್ತೆ ಗುಂಡ್ಲುಪೇಟೆಯಲ್ಲಿ ಎರಡಾಗುತ್ತದೆ. ಒಂದು ಬಂಡೀಪುರ ದಾಟಿ ನೀಲಗಿರಿಗೆ, ಇನ್ನೊಂದು ಮೂಲೆಹೊಳೆ ದಾಟಿ ವಯನಾಡಿನ ಸುಲ್ತಾನ್ ಬತ್ತೇರಿಗೆ. 1956ರ ನವೆಂಬರ್ 1ಕ್ಕೆ ಮೊದಲು ಆಚೆಯ ಎರಡೂ ಕಡೆ ಮದ್ರಾಸ್ ರಾಜ್ಯವೇ. ರಾಜ್ಯಗಳ ಪುನರ್ವಿಂಗಡಣೆ ಆದ ಮೇಲೆ ನಮ್ಮ ತಾಲ್ಲೂಕಿಗೆ ಎರಡು ರಾಜ್ಯಗಳ ಗಡಿ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಗುವವರೆಗೆ ನಾವು ಮೈಸೂರು ಜಿಲ್ಲೆಯವರು.

ಊರಿನ ಹಳೆಯ ಹೆಸರು ವಿಜಯಪುರ. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮೊದಲು ಪಕ್ಕದ ಹಂಗಳದಲ್ಲಿ ಸೆರೆಯಲ್ಲಿದ್ದರು. 1673ರಲ್ಲಿ ರಾಜರಾದವರು ತಂದೆಯ ನೆನಪಿಗೆ ಇಲ್ಲಿ ಪರವಾಸುದೇವ ದೇವಾಲಯ ಕಟ್ಟಿಸಿದರು. ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನ ಅದನ್ನು ನೋಡಿದ್ದೀರಿ?

ಇನ್ನು ಮಳೆಯ ವಿಚಾರ. ಮುಂಗಾರು ವಯನಾಡಿನಲ್ಲಿ ಜಡಿದು ಸುರಿದು, ಬೆಟ್ಟ ಹತ್ತಿ ಇಳಿಯುವಾಗ ನಮಗೆ ಗಾಳಿ, ತುಂತುರು ಅಷ್ಟೇ. ಅಲ್ಲಿ ಕಾಫಿ, ಮೆಣಸು. ಇಲ್ಲಿ ಸಣ್ಣ ಈರುಳ್ಳಿ, ತರಕಾರಿ, ಅರಿಶಿನ, ಚೆಂಡು ಹೂ. ಅವರಿಗೆ ತರಕಾರಿ ಬೇಕು, ನಮಗೆ ಗಿರಾಕಿ ಬೇಕು. ಓಣಂ ಬಂದರೆ ನಮ್ಮ ಹೂವಿನ ಹೊಲಗಳ ಮುಂದೆ ಕಾರು ನಿಲ್ಲಿಸಿ ಮಲಯಾಳಿಗಳು ಫೋಟೊ ತೆಗೆಸಿಕೊಳ್ಳುತ್ತಾರೆ. ಹೊಲ ತುಳಿದರೆ ಬೈಯುತ್ತೇವೆ, ಅದು ಬೇರೆ ಮಾತು. ಆ ಬೆಟ್ಟವಿಲ್ಲದಿದ್ದರೆ ಎರಡೂ ಕಡೆ ಒಂದೇ ಬೆಳೆ ಇರುತ್ತಿತ್ತೇನೋ. ಆಗ ಯಾರು ಯಾರಿಗೆ ಮಾರುವುದು?

ಈ ದಾರಿಗೆ 2009ರಿಂದ ರಾತ್ರಿ ಬೀಗ. ಒಂಬತ್ತು ಗಂಟೆಯಿಂದ ಬೆಳಿಗ್ಗೆ ಆರರವರೆಗೆ ಕಾಡಿನೊಳಗೆ ವಾಹನ ಬಿಡುವುದಿಲ್ಲ. ಆಂಬುಲೆನ್ಸ್‌ಗೆ, ಕೆಲವೇ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. 2010ರಲ್ಲಿ ಹೈಕೋರ್ಟ್ ಇದನ್ನು ಎತ್ತಿಹಿಡಿಯಿತು. 2019ರಲ್ಲಿ ಬತ್ತೇರಿಯಲ್ಲಿ ಯುವಕರು ಇದರ ವಿರುದ್ಧ ಉಪವಾಸ ಕುಳಿತರು. ನಮ್ಮಲ್ಲೂ ಲಾರಿ ಓಡಿಸುವವರಿಗೆ, ಕೊಯ್ದ ತರಕಾರಿ ಬಾಡುವುದನ್ನು ನೋಡುವ ರೈತರಿಗೆ ಸಿಟ್ಟಿದೆ. ಅವರ ಸಿಟ್ಟನ್ನು ಬೆಂಗಳೂರಿನಲ್ಲಿ ಕುಳಿತು ತಳ್ಳಿಹಾಕಲು ನಾನು ತಯಾರಿಲ್ಲ.

ಆದರೂ ನನ್ನ ಮಟ್ಟಿಗೆ ಬೀಗ ಇರಲಿ. ಆನೆ, ಜಿಂಕೆಗಳು ಈ ರಸ್ತೆ ದಾಟುವುದು ಹೆಚ್ಚಾಗಿ ರಾತ್ರಿಯಲ್ಲೇ. ರಾತ್ರಿ ತೆರೆದರೆ ಮುಂದೆ ಅಗಲ ಮಾಡಿ ಎನ್ನುತ್ತಾರೆ, ಆಮೇಲೆ ಕಾಡು ಎರಡು ತುಂಡು. ರಾತ್ರಿ ಹೋಗಲೇಬೇಕಾದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ದಾರಿ ಇದೆ. ದೂರ, ಡೀಸೆಲ್ ಖರ್ಚು ಹೆಚ್ಚು. ಆ ಹೊರೆಯನ್ನು ರೈತನ ಮೇಲೆ ಮಾತ್ರ ಹಾಕಬಾರದು. ಗುಂಡ್ಲುಪೇಟೆ, ತೆರಕಣಾಂಬಿ ಮಾರುಕಟ್ಟೆಗಳಲ್ಲಿ ಸರಕನ್ನು ಬೆಳಗಿನವರೆಗೆ ತಣ್ಣಗಿಡುವ ಶೀತಲಗೃಹ ಬೇಕು ಎಂದು ನಾವು ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಅರ್ಜಿ ಬರೆದಿದ್ದೇವೆ. ಹೊರಗೆ ಮೇಜಿನ ಮೇಲಿದೆ. ಊಟಕ್ಕೆ ಹೋಗುವ ಮುಂಚೆ ಓದಿ, ಒಪ್ಪಿಗೆಯಾದರೆ ಸಹಿ ಹಾಕಿ.