ಕೊಟ್ಟಿಗೆಹಾರದ ಹುಡುಗಿಗೆ ಬೆಂಗಳೂರಲ್ಲಿ ಯಾವ ಏರಿಯಾ?

ಇವತ್ತು ವಿಧಾನಸೌಧದ ಸುದ್ದಿ ಬೇಡ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರು ದಿಢೀರ್ ಅಂತ ದೆಹಲಿ ವಿಮಾನ ಹತ್ತಿದರು ಅನ್ನೋದನ್ನ ನಾಳೆ ನೋಡೋಣ. ಅದು ಎಲ್ಲಿಗೂ ಓಡಿಹೋಗಲ್ಲ. ಇವತ್ತು ಒಂದು ಬಾಡಿಗೆ ಮನೆಯ ಲೆಕ್ಕ.

ಕಳೆದ ವಾರ ಧರ್ಮಸ್ಥಳಕ್ಕೆ ಹೋಗುವಾಗ ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿದ್ದೆ. ಚಾರ್ಮಾಡಿ ಘಾಟಿ ಇಳಿಯೋರು, ಹತ್ತಿ ಬಂದೋರು, ಕಳಸ-ಹೊರನಾಡಿನ ಕಡೆ ತಿರುಗೋರು ಎಲ್ಲರೂ ಒಂದು ಗಳಿಗೆ ನಿಲ್ಲೋ ಜಾಗ ಅದು. ಮಂಜು ಎಷ್ಟಿತ್ತು ಅಂದ್ರೆ ಎದುರಿಗೆ ನಿಂತಿದ್ದ ಬಸ್ಸಿನ ಬೋರ್ಡು ಓದೋಕಾಗ್ತಿರಲಿಲ್ಲ. ನೀರ್ ದೋಸೆ ತಿನ್ನುತ್ತಾ ಕೂತಿದ್ದೆ. ದೋಸೆ ಹುಯ್ಯುತ್ತಿದ್ದ ಹೆಂಗಸು ಎರಡು ಸಲ ನನ್ನ ಮುಖ ನೋಡಿದರು. ಮೂರನೇ ಸಲ, ಇನ್ನೊಂದು ದೋಸೆ ಹಾಕೋ ನೆಪದಲ್ಲಿ ಹತ್ತಿರ ಬಂದು, "ಸಾರ್, ನೀವು ಟಿವೀಲಿ ಬರೋರಲ್ವಾ?" ಅಂದರು. ಹೌದಮ್ಮ ಅಂದೆ. ಸಾಮಾನ್ಯವಾಗಿ ಇದರ ಮುಂದಿನ ಪ್ರಶ್ನೆ "ಸರ್ಕಾರ ಬೀಳುತ್ತಾ ಸಾರ್?" ಅಂತ ಇರುತ್ತೆ. ಆ ತಾಯಿ ಕೇಳಿದ್ದು ಬೇರೆ. "ಮಗಳಿಗೆ ಬೆಂಗಳೂರಲ್ಲಿ ಕೆಲಸ ಆಗಿದೆ ಸಾರ್. ಬಾಡಿಗೆ ಕಮ್ಮಿ ಇರೋ ಏರಿಯಾ ಯಾವ್ದು, ಒಂದ್ ಸ್ವಲ್ಪ ಹೇಳಿ."

ಸ್ಟುಡಿಯೋದಲ್ಲಿ ಕೂತರೆ ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯೇ ಇಲ್ಲ, ನಿಮಗೇ ಗೊತ್ತು. ಅವತ್ತು ಮಾತ್ರ ಬಾಯಿಗೆ ಮಾತು ಬರಲಿಲ್ಲ. ಒಂದು ಏರಿಯಾ ಹೆಸರು ಹೇಳಿಬಿಡೋದು ಸುಲಭ. ಆದರೆ ಆ ಹೆಸರಿನ ಮೇಲೆ ಈ ಮನೆಯವರು ಸಾಲ ಮಾಡ್ತಾರಲ್ಲ, ಅದು ಹೆದರಿಕೆ.

ಯಾಕೆ ಹೆದರಿಕೆ ಅಂದ್ರೆ, ಈ ಕುಟುಂಬ ಇರೋದು ಕಾಫಿ ತೋಟದ ಲೈನ್ ಮನೆಯಲ್ಲಿ. ಯಜಮಾನರು ತೋಟದ ಕೆಲಸಕ್ಕೆ ಹೋಗ್ತಾರೆ, ಇವರು ಬೆಳಗ್ಗೆ ಹೋಟೆಲಿಗೆ ಬರ್ತಾರೆ. ಲೈನ್ ಮನೆ ಅಂದ್ರೆ ಗೊತ್ತಲ್ಲ? ತೋಟದ ಮಾಲೀಕರು ಕೆಲಸದವರಿಗೆ ಅಂತ ಸಾಲಾಗಿ ಕಟ್ಟಿಸಿರೋ ಮನೆಗಳು. ಬಾಡಿಗೆ ಇಲ್ಲ, ಅಗ್ರಿಮೆಂಟ್ ಇಲ್ಲ. ಕೆಲಸ ಇರೋ ತನಕ ಸೂರು, ಕೆಲಸ ಬಿಟ್ಟ ದಿನ ಮನೆಯೂ ಬಿಡಬೇಕು. ಅಪ್ಪ, ಅಜ್ಜ ಯಾರೂ ಬಾಡಿಗೆ ಅಂತ ಒಂದು ರೂಪಾಯಿ ಎಣಿಸಿದವರಲ್ಲ. ಅಂಥ ಮನೆಯ ಹುಡುಗಿ ಡಿಗ್ರಿ ಮುಗಿಸಿ, ತನ್ನ ಹೆಸರಲ್ಲಿ ಮೊದಲ ಬಾಡಿಗೆ ಕರಾರಿಗೆ ಸಹಿ ಹಾಕೋಕೆ ಹೊರಟಿದ್ದಾಳೆ. ಎಡವಿದರೆ ತಡೆಯೋಕೆ ಹಿಂದೆ ಯಾರೂ ಇಲ್ಲ.

ಇವಳೊಬ್ಬಳೇ ಅಲ್ಲ. 2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. ಹತ್ತು ವರ್ಷ ಬಿಟ್ಟು 2011ರಲ್ಲಿ 11,37,961. ಸರಿಯಾಗಿ ಕೇಳಿಸಿಕೊಳ್ಳಿ, ಏರಿಲ್ಲ, ಇಳಿದಿದೆ. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯ್ತು. ಮಲೆನಾಡಿನಲ್ಲಿ ಮಕ್ಕಳು ಹುಟ್ಟಲಿಲ್ಲ ಅಂತಲ್ಲ. ಹುಟ್ಟಿದವರು ರಾತ್ರಿ ಬಸ್ ಹತ್ತಿದರು.

ಈ ರಾತ್ರಿ ಬಸ್ಸಿನ ವಿಷಯಕ್ಕೇ ಬರ್ತೀನಿ. ಹೊರನಾಡಿಂದ, ಕಳಸದಿಂದ ಬರೋ ಬಸ್ಸು ಮೂಡಿಗೆರೆ, ಹಾಸನ ದಾಟಿ ಬೆಳಗಿನ ಜಾವ ನೆಲಮಂಗಲದ ಕಡೆಯಿಂದ ಊರೊಳಗೆ ಬರುತ್ತೆ. ಎಂಟನೇ ಮೈಲಿ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ. ನಿದ್ದೆಗಣ್ಣಲ್ಲಿ ಬ್ಯಾಗು ಹಿಡ್ಕೊಂಡು ಇಳಿಯೋರು ಇಳೀತಾರೆ. ನಮ್ಮವರ ಬೆಂಗಳೂರು ಅಂದ್ರೆ ಬಸ್ಸು ಇಳಿಸಿದ ಜಾಗ. ಮೊದಲು ಬಂದ ಮಾವ ಅಲ್ಲೇ ಒಂದು ರೂಮು ಮಾಡಿದ, ಪೀಣ್ಯದಲ್ಲಿ ಕೆಲಸ ಹಿಡಿದ. ಮಾವನ ಪಕ್ಕದ ಬೀದಿಗೆ ಅಳಿಯ ಬಂದ. ಅಳಿಯನ ಹಿಂದೆ ಊರವರು ಬಂದರು. ತಪ್ಪೇನಿಲ್ಲ. ಜ್ವರ ಬಂದರೆ ಗಂಜಿ ಕಾಸಿ ಕೊಡೋರು ಬೇಕಲ್ಲ. ಮಾವ ಪೀಣ್ಯದ ಫ್ಯಾಕ್ಟರಿಗೆ ಸೈಕಲ್ ತುಳ್ಕೊಂಡು ಹೋಗ್ತಿದ್ದ ಕಾಲಕ್ಕೆ ಅದು ಸರಿಯಾದ ಲೆಕ್ಕವೇ ಆಗಿತ್ತು.

ಆದರೆ ಈ ಹುಡುಗಿಗೆ ಕೆಲಸ ಸಿಕ್ಕಿರೋದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಊರಿನ ಆ ತುದಿ. ಕೈಗೆ ಬರೋ ಸಂಬಳ 22 ಸಾವಿರ. ನೆಂಟರು ದಾಸರಹಳ್ಳಿಯಲ್ಲಿ ತಮ್ಮ ಬೀದಿಯಲ್ಲೇ ಒಂದು ಸಿಂಗಲ್ ರೂಮು ನೋಡಿಟ್ಟಿದ್ದಾರೆ, ಬಾಡಿಗೆ 7 ಸಾವಿರ. ಆಫೀಸಿನ ಕಡೆ, ಹೆಬ್ಬಗೋಡಿಯಲ್ಲಿ ಅಂಥದ್ದೇ ರೂಮಿಗೆ ಒಂಬತ್ತೂವರೆ ಸಾವಿರ ಹೇಳಿದ್ದಾರೆ. ತಾಯಿ ಲೆಕ್ಕ ಸರಳ: ಎರಡೂವರೆ ಸಾವಿರ ಉಳಿಯುತ್ತೆ, ನೆಂಟರೂ ಹತ್ತಿರ ಇರ್ತಾರೆ.

ನಾನು ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ದಾಸರಹಳ್ಳಿಯಲ್ಲಿ ಮೆಟ್ರೋ ಇದೆ, ಹಸಿರು ಮಾರ್ಗ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಗಿದೆ. ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಾಯಿಸಿದರೆ ಎಲೆಕ್ಟ್ರಾನಿಕ್ ಸಿಟಿ. ಹೋಗಬಹುದು, ಹೋಗೋಕಾಗಲ್ಲ ಅಂತಲ್ಲ. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ 25 ಕಿಲೋಮೀಟರ್ ದಾಟಿದ ಪ್ರಯಾಣಕ್ಕೆ 90 ರೂಪಾಯಿ. ಹೋಗಿ ಬರೋಕೆ 180. ತಿಂಗಳಿಗೆ 25 ದಿನ ಅಂದ್ರೆ 4,500. ಕಾರ್ಡಿನಲ್ಲಿ ಸ್ವಲ್ಪ ರಿಯಾಯಿತಿ ಸಿಗುತ್ತೆ, ಇರಲಿ. 7 ಸಾವಿರದ ಮನೆ 11,500 ಆಯ್ತಾ? ಹೆಬ್ಬಗೋಡಿಯ ಮನೆ ಒಂಬತ್ತೂವರೆಯಲ್ಲೇ ನಿಂತಿದೆ. ಯಾಕಂದ್ರೆ ಅಲ್ಲಿಂದ ಆಫೀಸಿಗೆ ಸಾಮಾನ್ಯ ಬಿಎಂಟಿಸಿ ಬಸ್ಸು ಸಾಕು, ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ.

"ಹಂಗಾದ್ರೆ ದಾಸರಹಳ್ಳಿಯಿಂದಲೇ ಫ್ರೀ ಬಸ್ಸಲ್ಲಿ ಹೋಗ್ಲಿ ಸಾರ್" ಅಂದರು. ಬುದ್ಧಿವಂತರು, ನನಗಿಂತ ಚುರುಕು. ಹೋಗಬಹುದಮ್ಮ, ದುಡ್ಡು ಉಳಿಯುತ್ತೆ. ಆದರೆ ಮಧ್ಯೆ ಇಡೀ ಬೆಂಗಳೂರಿನ ಟ್ರಾಫಿಕ್ ಇದೆ, ಸಿಲ್ಕ್ ಬೋರ್ಡ್ ಇದೆ. ಮೆಟ್ರೋದಲ್ಲೇ ಮನೆ ಬಾಗಿಲಿಂದ ಆಫೀಸ್ ಬಾಗಿಲಿಗೆ ಹೆಚ್ಚುಕಡಿಮೆ ಎರಡು ಗಂಟೆ ಅಂತಿಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ. ತಿಂಗಳಿಗೆ ನೂರು ಗಂಟೆ. ಬಸ್ಸಲ್ಲಿ ಇನ್ನೂ ಜಾಸ್ತಿ. ಆ ಹುಡುಗಿ ಸಂಜೆ ಓದಿ ಇನ್ನೊಂದು ಪರೀಕ್ಷೆ ಕಟ್ಟಬೇಕು ಅಂತ ಆಸೆ ಇಟ್ಟುಕೊಂಡಿದ್ದಾಳೆ. ಈ ನೂರು ಗಂಟೆಯನ್ನ ಯಾವ ಕಂಪನಿಯೂ ಸಂಬಳದಲ್ಲಿ ಸೇರಿಸಿ ಕೊಡಲ್ಲ.

ಬಾಡಿಗೆ ಕಮ್ಮಿ ಇರೋ ಏರಿಯಾ ಅಂತ ಕೇಳಬೇಡಿ ಅಂದೆ ನಾನು. ಕೆಲಸ ಎಲ್ಲಿ ಅಂತ ಮೊದಲು ಒಂದು ಚುಕ್ಕಿ ಇಡಿ. ಅಲ್ಲಿಂದ ಒಂದೇ ಬಸ್ಸು ಅಥವಾ ಒಂದೇ ಮೆಟ್ರೋ ಮಾರ್ಗ ಹಿಡ್ಕೊಂಡು ಹೊರಗಡೆಗೆ ಹೋಗ್ತಾ ಹೋಗಿ, ಗಾಡಿ ಬದಲಾಯಿಸೋ ಹಾಗಿರಬಾರದು. ಬಾಡಿಗೆ ಎಲ್ಲಿ ನಿಮ್ಮ ಕೈಗೆ ಎಟುಕುತ್ತೋ ಅಲ್ಲಿ ಇಳಿದು ನೋಡಿ. ಮೆಟ್ರೋ ಸ್ಟೇಷನ್ ಎದುರಿಗೇ ಬೇಡ, ಅಲ್ಲಿ ಮಾಲೀಕರಿಗೂ ಲೆಕ್ಕ ಗೊತ್ತಿದೆ. ಹತ್ತು-ಹದಿನೈದು ನಿಮಿಷ ಒಳಗೆ ನಡೀರಿ. ಹಾಗೇ ರಾತ್ರಿ ಒಂಬತ್ತು ಗಂಟೆಗೆ ಒಂದು ಸಲ ಅದೇ ದಾರಿಯಲ್ಲಿ ನಡೆದು ನೋಡಿ. ಬೀದಿ ದೀಪ ಉರೀತಿದೆಯಾ, ಅಂಗಡಿ ತೆರೆದಿದೆಯಾ, ನಾಯಿ ಎಷ್ಟಿದೆ. ಭಾನುವಾರ ಮಧ್ಯಾಹ್ನ ನೋಡಿದ ಬೀದಿಯೇ ಬೇರೆ, ಆ ಹೊತ್ತಿನ ಬೀದಿಯೇ ಬೇರೆ.

ಇನ್ನು ನೀರು. ಇದನ್ನ ಹೇಳಿದಾಗ ಆ ತಾಯಿ ನಕ್ಕರು. ಕೊಟ್ಟಿಗೆಹಾರದವರಿಗೆ ನೀರಿನ ಬಗ್ಗೆ ಹೇಳೋಕೆ ಬಂದಿದ್ದಾನಲ್ಲ ಇವನು ಅಂತ. ಹೊರಗೆ ಜಿಟಿಜಿಟಿ ಮಳೆ, ಹಂಚಿಂದ ನೀರು ಸುರೀತಾ ಇದೆ. ಮೂಡಿಗೆರೆ ತಾಲೂಕಿನ ಜಾವಳಿ ಹತ್ತಿರ ಹುಟ್ಟೋ ಹೇಮಾವತಿ ಕಾವೇರಿಯನ್ನ ಸೇರುತ್ತೆ. ಆ ಕಾವೇರಿಯನ್ನೇ ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಬೆಂಗಳೂರಿಗೆ ತರೋದು. ಅಂದ್ರೆ ನಿಮ್ಮ ಬೆಟ್ಟದ ನೀರೇ ಬೆಂಗಳೂರಿನ ನಲ್ಲಿಗೆ ಬರುತ್ತೆ. ಆದರೆ ನಿಮ್ಮ ಮಗಳ ನಲ್ಲಿಗೆ ಬರುತ್ತೋ ಇಲ್ವೋ, ಅದು ಏರಿಯಾ ಮೇಲೆ.

2007ರಲ್ಲಿ ಬೃಹತ್ ಬೆಂಗಳೂರು ಮಾಡಿದಾಗ ಸುತ್ತಲಿನ 110 ಹಳ್ಳಿಗಳನ್ನ ಊರೊಳಗೆ ಸೇರಿಸಿಕೊಂಡರು. ಅವುಗಳಿಗೆ ಅಂತ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅದಕ್ಕೂ ಮೊದಲು, ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ನವರು ಬಾಯಿಗೆ ಬಂದ ರೇಟು ಹೇಳಿ, ಕೊನೆಗೆ ಜಿಲ್ಲಾಡಳಿತವೇ 6 ಸಾವಿರ ಲೀಟರಿಗೆ 600 ರೂಪಾಯಿ, 12 ಸಾವಿರ ಲೀಟರಿಗೆ ಸಾವಿರ ರೂಪಾಯಿ ಅಂತ ದರ ಕಟ್ಟಬೇಕಾಯ್ತು. ಆನೇಕಲ್ ಕಡೆ, ನಾನು ಈಗ ಹೇಳಿದ ಹೆಬ್ಬಗೋಡಿಯೂ ಸೇರಿ, ಬಹಳಷ್ಟು ಕಟ್ಟಡಗಳು ಇವತ್ತಿಗೂ ಬೋರ್‌ವೆಲ್ಲು, ಟ್ಯಾಂಕರನ್ನೇ ನಂಬಿವೆ. ಆದ್ದರಿಂದ ಮನೆ ನೋಡೋಕೆ ಹೋದಾಗ ಟೈಲ್ಸ್ ನೋಡಬೇಡಿ, ನಲ್ಲಿ ತಿರುಗಿಸಿ. ಕಾವೇರಿ ಇದೆಯಾ, ಎಷ್ಟು ದಿನಕ್ಕೊಮ್ಮೆ, ಟ್ಯಾಂಕರ್ ದುಡ್ಡು ಬಾಡಿಗೆಯಲ್ಲಿ ಸೇರಿದೆಯೋ ಬೇರೆಯೋ? ಮಾಲೀಕರನ್ನ ಮಾತ್ರ ಕೇಳಬೇಡಿ. ಮೆಟ್ಟಿಲ ಮೇಲೆ ಸಿಗೋ ಪಕ್ಕದ ಮನೆಯವರನ್ನ ಕೇಳಿ, ಏಪ್ರಿಲ್ ತಿಂಗಳಲ್ಲಿ ಹೇಗಿತ್ತು ಅಂತ. ಕರೆಂಟ್ ಮೀಟರ್ ಬೇರೆ ಇದೆಯಾ ಅಂತಲೂ ಕೇಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತೆ, ಆದರೆ ಒಂದೇ ಮೀಟರಿನಲ್ಲಿ ನಾಲ್ಕು ಮನೆ ಓಡಿಸೋ ಕಡೆ ಸಿಗಲ್ಲ.

ಇಷ್ಟೆಲ್ಲ ಆದ ಮೇಲೆ ಬರುತ್ತೆ ನೋಡಿ, ಅಡ್ವಾನ್ಸ್. ಬೆಂಗಳೂರಿನ ಹಳೇ ಪದ್ಧತಿ ಹತ್ತು ತಿಂಗಳ ಬಾಡಿಗೆ. ಕೆಲವು ಕಡೆ ಐದಾರು ತಿಂಗಳಿಗೆ ಇಳಿದಿದೆ, ಹೆಬ್ಬಗೋಡಿಯಲ್ಲಿ ಇವರಿಗೆ ಹೇಳಿರೋದು ಹತ್ತು. 95 ಸಾವಿರ. ಲೈನ್ ಮನೆಯಲ್ಲಿರೋರು ಎಲ್ಲಿಂದ ತರಬೇಕು? "ಓಲೆ ಇದೆ ಸಾರ್, ಸಂಘದಲ್ಲಿ ಸ್ವಲ್ಪ ಸಾಲ ಸಿಗುತ್ತೆ" ಅಂದರು. ಮಗಳ ಮೊದಲ ಸಂಬಳ ಬರೋ ಮುಂಚೆಯೇ ಕಿವಿ ಬರಿದು. ಆ ದುಡ್ಡು ಮಾಲೀಕರ ಹತ್ತಿರ ಬಡ್ಡಿಯಿಲ್ಲದೆ ಕೂತಿರುತ್ತೆ, ಇವರು ಸಂಘಕ್ಕೆ ವಾರ ವಾರ ಬಡ್ಡಿ ಕಟ್ಟುತ್ತಿರುತ್ತಾರೆ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೋತಾರೆ. ನನ್ನ ಮೊದಲ ಮನೆಯಲ್ಲೂ ಹಿಡ್ಕೊಂಡಿದ್ದರು. ನಾನು ಎಂಟೇ ತಿಂಗಳು ಇದ್ದದ್ದು, ಗೋಡೆಗೆ ಒಂದು ಮೊಳೆ ಹೊಡೆದಿರಲಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದನ್ನ ರಾಜ್ಯಗಳಿಗೆ ಕಳಿಸಿತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತಗೊಳ್ಳೋ ಹಾಗಿಲ್ಲ. ಮಾದರಿ ಅಂದ್ರೆ ಮಾದರಿ ಅಷ್ಟೇ, ರಾಜ್ಯ ಒಪ್ಪಿ ಕಾನೂನು ಮಾಡಿದರೆ ಮಾತ್ರ ಉಂಟು. ಎರಡು ತಿಂಗಳು ಅಂದ್ರೆ ಈ ಹುಡುಗಿಗೆ 19 ಸಾವಿರ, ಓಲೆ ಕಿವಿಯಲ್ಲೇ ಉಳಿಯುತ್ತೆ. ಗ್ಯಾರಂಟಿಗಳ ಬಗ್ಗೆ ದಿನಾ ನಮ್ಮ ಸ್ಟುಡಿಯೋದಲ್ಲಿ ಜಗಳ ಆಡೋ ಎಲ್ಲ ಪಕ್ಷದ ನಾಯಕರಿಗೂ ಕೇಳ್ತೀನಿ, ಇದಕ್ಕೆ ಬೊಕ್ಕಸದಿಂದ ಒಂದು ರೂಪಾಯಿ ಬೇಕಾ? ಬೇಡ. ಮತ್ಯಾಕೆ ಯಾರೂ ಬಾಯಿ ಬಿಡಲ್ಲ? ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಟ್ಟಿರೋರ ವೋಟು ಅದೇ ಕ್ಷೇತ್ರದಲ್ಲಿದೆ. ಬಾಡಿಗೆಗೆ ಇರೋ ಈ ಹುಡುಗಿಯ ವೋಟು ಮೂಡಿಗೆರೆಯಲ್ಲಿದೆ. ಉತ್ತರ ಅಲ್ಲೇ ಇದೆ.

ಭೋಗ್ಯದ ಬಗ್ಗೆಯೂ ಯಾರೋ ಅವರ ತಲೆಗೆ ಹಾಕಿದ್ದರು. ಒಂದಷ್ಟು ಲಕ್ಷ ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆಯೇ ಇಲ್ಲ ಅಂತ. ಕೈ ಮುಗಿದು ಬೇಡ ಅಂದೆ. ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಮಾಲೀಕ ಕಂತು ಕಟ್ಟದಿದ್ದರೆ, ಬ್ಯಾಂಕಿನವರು ಬಂದು ಬೀಗ ಹಾಕ್ತಾರೆ, ನಿಮ್ಮ ಲಕ್ಷ ಹುಡುಕ್ತಾ ನೀವು ಕೋರ್ಟಿಗೆ ಅಲೀಬೇಕು. ಋಣಭಾರ ಪತ್ರ ತೆಗೆಸಿ ನೋಡೋ ಶಕ್ತಿ ಇದ್ದೋರು ಬೇಕಾದರೆ ಆ ಕಡೆ ಹೋಗಲಿ. ಮಾಮೂಲಿ ಬಾಡಿಗೆಗೂ ಅಡ್ವಾನ್ಸ್ ಕೈಯಲ್ಲಿ ಕೊಡಬೇಡಿ, ಬ್ಯಾಂಕ್ ಖಾತೆಗೆ ಹಾಕಿ. ಪೇಂಟಿಂಗಿಗೆ ಎಷ್ಟು ಅಂತ 11 ತಿಂಗಳ ಅಗ್ರಿಮೆಂಟಿನಲ್ಲೇ ಬರೆಸಿ.

ಒಂದು ವಿಷಯ ಮಾತ್ರ ಆ ತಾಯಿಗೆ ಹೇಗೆ ಹೇಳಬೇಕು ಅಂತ ನನಗೆ ತಿಳಿಯಲಿಲ್ಲ. ಕೊನೆಗೆ ಅವರೇ ಕೇಳಿದರು, ದನಿ ತಗ್ಗಿಸಿ. "ನಾವು ಯಾವ ಜನ ಅಂತ ಕೇಳ್ತಾರಂತಲ್ಲ ಸಾರ್?" ಕೇಳ್ತಾರಮ್ಮ. ಗೇಟಿನ ಮೇಲೆ 'ಸಸ್ಯಾಹಾರಿಗಳಿಗೆ ಮಾತ್ರ' ಅಂತ ಬೋರ್ಡು ಇರುತ್ತೆ. ಅದೂ ಇಲ್ಲದಿದ್ದರೆ "ನೀವು ಯಾವ ಕಡೆಯವರು, ಯಾವ ಪೈಕಿ?" ಅಂತ ನಗುನಗುತ್ತಾ ಕೇಳ್ತಾರೆ. ನೀವು ಉತ್ತರ ಹೇಳಿದ ಮೇಲೆ "ಮನೆ ಆಗಲೇ ಹೋಗಿಬಿಟ್ಟಿದೆ" ಅಂತಾರೆ. ವೀಕ್ಷಕರೇ, ನಿಮ್ಮಲ್ಲೂ ಮನೆ ಬಾಡಿಗೆಗೆ ಕೊಟ್ಟಿರೋರು ಇದ್ದೀರಿ. ತಿಂಗಳು ತಿಂಗಳು ಐದನೇ ತಾರೀಕಿಗೆ ಬಾಡಿಗೆ ಹಾಕೋ ಹುಡುಗಿಯ ಅಡುಗೆ ಮನೆಯಲ್ಲಿ ನಿಮಗೇನು ಕೆಲಸ?

ಕೊನೆಗೆ ನಾನು ಹೇಳಿದ್ದು ಇಷ್ಟು. ಈಗಲೇ ಮನೆ ಬೇಡ, ಓಲೆ ಬಿಚ್ಚೋದೂ ಬೇಡ. ಮೊದಲ ಮೂರು ತಿಂಗಳು ಆಫೀಸಿನ ಹತ್ತಿರ ಒಂದು ಲೇಡೀಸ್ ಪಿಜಿಯಲ್ಲಿ ಇರಲಿ. ಊಟ ಸೇರಿ ದುಡ್ಡು ಸ್ವಲ್ಪ ಜಾಸ್ತಿ ಅನ್ನಿಸಬಹುದು, ಅಡ್ವಾನ್ಸ್ ಒಂದೆರಡು ತಿಂಗಳದ್ದೇ. ಅಷ್ಟರಲ್ಲಿ ಕೆಲಸ ನಿಲ್ಲುತ್ತೋ ಇಲ್ವೋ ಗೊತ್ತಾಗುತ್ತೆ. ಜೊತೆಗೆ ಕೆಲಸ ಮಾಡೋ ಹುಡುಗಿಯರು ಪರಿಚಯ ಆಗ್ತಾರೆ, ಇಬ್ಬರು ಸೇರಿ ಮನೆ ಮಾಡಿದರೆ ಬಾಡಿಗೆ ಅರ್ಧ, ಅಡ್ವಾನ್ಸೂ ಅರ್ಧ. ದಾಸರಹಳ್ಳಿ ನೆಂಟರ ಮನೆಗೆ ಭಾನುವಾರ ಊಟಕ್ಕೆ ಹೋಗಲಿ.

ಅಷ್ಟು ಹೊತ್ತೂ ಆ ತಾಯಿ ಹಂಚಿನ ಮೇಲೆ ದೋಸೆ ಹುಯ್ಯುತ್ತಲೇ ಕೇಳ್ತಿದ್ದರು. ಬಿಲ್ಲಿನ ಹಿಂದೆ ಬರೆದಿದ್ದ ಲೆಕ್ಕವನ್ನ ಮಡಚಿ ಸೆರಗಿಗೆ ಕಟ್ಟಿಕೊಂಡರು. ಬಿಲ್ಲು ಕೊಡದೆ ನಾನು ದುಡ್ಡು ಎಷ್ಟು ಕೊಡಬೇಕು ಅಂತ ಕ್ಯಾಷಿನಲ್ಲಿ ಕೂತವರು ಕೇಳಿದರು. ನಾಲ್ಕು ದೋಸೆ, ಒಂದು ಕಾಫಿ ಅಂದೆ. "ಐದು ಸಾರ್" ಅಂದರು ಒಳಗಿಂದ ಆ ತಾಯಿ.