ಯುಗಾದಿಯ ಗೃಹಶುದ್ಧಿ

(ದೊಮ್ಮಲೂರಿನ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಯುಗಾದಿಯು ಸಮೀಪಿಸಿತೆಂದರೆ ಕನ್ನಡಿಗರ ಮನೆಮನೆಯಲ್ಲಿಯೂ ಪೊರಕೆಯ ಸದ್ದು ಕೇಳಬರುವುದು. ಜೇಡರ ಬಲೆಯನ್ನು ತೆಗೆದು, ಗೋಡೆಗಳಿಗೆ ಸುಣ್ಣವನ್ನು ಬಳಿದು, ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಬೆಳಗಿ, ಚೈತ್ರ ಶುದ್ಧ ಪಾಡ್ಯದ ದಿನ ಬಾಗಿಲಿಗೆ ಮಾವಿನ ತೋರಣವನ್ನು ಕಟ್ಟುವುದು ಹಿರಿಯರಿಂದ ನಡೆದುಬಂದ ಪದ್ಧತಿಯಾಗಿದೆ. ಈ ಪದ್ಧತಿಯು ಅಲಂಕಾರಕ್ಕಾಗಿ ಮಾತ್ರವೇ ಹುಟ್ಟಿದುದಲ್ಲ. ಆಗ ಸುಗ್ಗಿಯು ಮುಗಿದಿರುತ್ತದೆ, ಬಿಸಿಲು ಬಲಿತಿರುತ್ತದೆ, ಮುಂದೆ ಮಳೆಯು ಕಾದಿರುತ್ತದೆ. ಮಳೆಯ ತೇವವು ಗೋಡೆಗೆ ಏರುವುದಕ್ಕೆ ಮೊದಲೇ ಬಟ್ಟೆ, ಕಾಗದ, ಧಾನ್ಯಗಳನ್ನು ಒಣಗಿಸಿ, ಗೆದ್ದಲು ಹುಳುಗಳು ಸೇರಿರುವೆಡೆಯನ್ನು ಕಂಡು, ಮನೆಯನ್ನು ಮುಂದಿನ ಋತುವಿಗೆ ಅಣಿಗೊಳಿಸುವ ವಿವೇಕವು ಇದರಲ್ಲಿ ಅಡಗಿದೆ.

ಆದರೆ ಈಗಿನ ಗೃಹಶುದ್ಧಿಯಲ್ಲಿ ಧೂಳು ಹೋಗುವುದೇ ಹೊರತು ಸಾಮಾನು ಹೋಗುವುದಿಲ್ಲ. ದೊಮ್ಮಲೂರನ್ನೇ ನೋಡಬಹುದು. ಹೊಲ ತೋಟಗಳ ನಡುವೆ ಇದ್ದ ಈ ಹಳ್ಳಿಯು ಕಾಲಕ್ರಮದಲ್ಲಿ ನಗರದೊಳಗೆ ಸೇರಿಹೋಯಿತು. ಹಿತ್ತಲು, ಕೊಟ್ಟಿಗೆ, ಜಗಲಿಗಳಿದ್ದ ಮನೆಗಳ ಸ್ಥಳದಲ್ಲಿ ಮಹಡಿಯ ಮೇಲೆ ಮಹಡಿ ಎದ್ದಿತು. ಸ್ಥಳವು ಕಿರಿದಾಯಿತು, ಸಾಮಾನು ಹಿರಿದಾಯಿತು. ಅಂತಹ ಒಂದು ಮನೆಯಲ್ಲಿ ಹಬ್ಬದ ಮುಂಚೆ ಸೊಸೆಯು ಏಣಿಯನ್ನೇರಿ ಅಟ್ಟದಲ್ಲಿರುವುದನ್ನೆಲ್ಲ ಕೆಳಗಿಳಿಸುತ್ತಾಳೆನ್ನೋಣ. ಎಂಟು ಕಂಬಳಿ, ಹಿಡಿಯಿಲ್ಲದ ಮೂರು ಬಾಣಲೆ, ಕೆಟ್ಟ ರೇಡಿಯೋ, ಮುರಿದ ಕೊಡೆ, ಮಕ್ಕಳು ಓದಿ ಮುಗಿಸಿದ ಪುಸ್ತಕಗಳು ಇಳಿಯುತ್ತವೆ. “ಅತ್ತೆ, ಇಷ್ಟು ಕಂಬಳಿಯನ್ನು ಯಾರು ಹೊದೆಯುತ್ತಾರೆ?” ಎಂದು ಆಕೆಯು ಕೇಳುತ್ತಾಳೆ. “ಇರಲಿ ಬಿಡಮ್ಮ, ಎಂದಾದರೂ ಬೇಕಾದೀತು” ಎಂದು ಅತ್ತೆಯು ಹೇಳುತ್ತಾಳೆ. ಸಂಜೆಯ ಹೊತ್ತಿಗೆ ಒರಸಿದ ಸಾಮಾನೆಲ್ಲವೂ ಮರಳಿ ಅಟ್ಟವನ್ನೇ ಸೇರುತ್ತದೆ.

ಆ ಅತ್ತೆಯ ಮಾತನ್ನು ಹಾಸ್ಯಮಾಡುವುದು ಉಚಿತವಲ್ಲ. ಪಡಿತರದ ಅಂಗಡಿಯ ಮುಂದೆ ನಿಂತು, ಒಂದೇ ಸೀರೆಯನ್ನು ಹೊಲಿದು ಹೊಲಿದು ಉಟ್ಟ ತಲೆಮಾರು ಕಲಿತ ಪಾಠವದು. ವಸ್ತುವನ್ನು ಹಾಳುಮಾಡಬಾರದೆಂಬ ಧರ್ಮವು ಅದರಲ್ಲಿದೆ. ಆದರೆ ಆ ಧರ್ಮವನ್ನೇ ಮುಂದಿಟ್ಟುಕೊಂಡು ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಅಟ್ಟದಲ್ಲಿ ಹತ್ತು ವರ್ಷ ಮಡಿಸಿಟ್ಟ ಕಂಬಳಿಯು ಉಳಿಯಿತೋ, ಹಾಳಾಯಿತೋ? ಈ ಮನೆಗೆ ಅದು ಎಂದಾದರೂ ಬೇಕಾದೀತು; ಪುಷ್ಯಮಾಸದ ಚಳಿಯಲ್ಲಿ ಬೀದಿಯ ಬದಿ ಮಲಗುವವನಿಗೆ ಅದು ಅಂದೇ ಬೇಕಾಗಿತ್ತು. ಹುಳು ತಿಂದ ಮೇಲೆ ಅದು ಇಬ್ಬರಿಗೂ ಇಲ್ಲವಾಯಿತು.

ಶರಣರ ಚರಿತ್ರೆಯಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗವನ್ನು ಅರಿಯದವರಿಲ್ಲ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಹಿಗ್ಗಲಿಲ್ಲ; ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದರು. ನಾಳೆಗೆ ಬೇಕಾದೀತೆಂಬ ಮಾತು ಆ ಬಡಮನೆಯಲ್ಲಿ ಹುಟ್ಟಲಿಲ್ಲ. ಇಂದಿನ ಗೃಹಶುದ್ಧಿಗೆ ಅದಕ್ಕಿಂತ ಹಿರಿದಾದ ಅಳತೆಗೋಲು ಬೇಕಾಗಿಲ್ಲ.

ಹೆಚ್ಚಿನ ಸಾಮಾನು ಮನಸ್ಸಿಗೆ ಮಾತ್ರವಲ್ಲ, ದೇಹಕ್ಕೂ ಅಪಾಯಕರವೆಂಬುದನ್ನು ಬೆಂಗಳೂರು ಒಮ್ಮೆ ಬಹು ದೊಡ್ಡ ಬೆಲೆ ತೆತ್ತು ಕಲಿತಿದೆ. 1898ರಲ್ಲಿ ಪ್ಲೇಗು ಮಹಾಮಾರಿಯು ಪೇಟೆಯನ್ನೂ ದಂಡನ್ನೂ ಹೊಕ್ಕು ಸಾವಿರಾರು ಜನರನ್ನು ಕೊಂದಿತು. ಅದೇ ವರ್ಷ ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯ ಮೈಮೇಲಿನ ಚಿಗಟವೇ ಈ ರೋಗವನ್ನು ಹರಡುವುದೆಂದು ತೋರಿಸಿದನು. ಗಾಳಿ ಬೆಳಕಿಲ್ಲದ ಕೋಣೆ, ಕದಲಿಸದ ಮೂಟೆ, ರಾಶಿಬಿದ್ದ ಹಳೆಯ ಸಾಮಾನು, ಇವು ಇಲಿಗೆ ಅರಮನೆಯಾಗುತ್ತವೆ. ಇಂದು ಪ್ಲೇಗಿನ ಭಯವು ಆ ಬಗೆಯಲ್ಲಿ ಉಳಿದಿಲ್ಲವಾದರೂ ಡೆಂಗ್ಯೂ ಜ್ವರವು ಬಂದಿದೆ; 2024ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ತಾರಸಿಯ ಮೂಲೆಯಲ್ಲಿ ಬಿಟ್ಟ ಒಡಕು ಕುಂಡ, ಹಳೆಯ ಟೈರು, ಮುಚ್ಚಳವಿಲ್ಲದ ಡಬ್ಬಗಳಲ್ಲಿ ಒಂದು ಮಳೆಯ ನೀರು ನಿಂತರೆ ಸಾಕು, ಸುಮಾರು ಹತ್ತು ದಿನಗಳೊಳಗೆ ಸೊಳ್ಳೆಯು ಹುಟ್ಟಿ ಹಾರುವುದು. ಆದುದರಿಂದ ಯುಗಾದಿಯ ಶುದ್ಧಿಯಲ್ಲಿ ತಾರಸಿಯನ್ನು ಮರೆಯತಕ್ಕದ್ದಲ್ಲ.

ಇಷ್ಟು ಕೇಳಿದವರು ಮನೆಯಲ್ಲಿರುವುದನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಬೀದಿಯ ಮೂಲೆಗೆ ಎಸೆದುಬಂದರೆ ಅದು ಇನ್ನೊಂದು ದೋಷವಾಗುವುದು. ಎಸೆದ ವಸ್ತುವು ಕಣ್ಣಿಗೆ ಮರೆಯಾಗುವುದೇ ಹೊರತು ಭೂಮಿಯಿಂದ ಮರೆಯಾಗುವುದಿಲ್ಲ. ಕೃಷ್ಣರಾಜಪುರದಾಚೆಯ ಮಂಡೂರು ಗ್ರಾಮದಲ್ಲಿ ಬೆಂಗಳೂರಿನ ಕಸವನ್ನು ಹಲವು ವರ್ಷ ತಂದು ಸುರಿಯಲಾಯಿತು. ನಗರದ ಮನೆಗಳು ಹಬ್ಬಕ್ಕೆ ಶುದ್ಧವಾದವು. ಮಂಡೂರಿನ ಜನರು ದುರ್ಗಂಧವನ್ನೂ ನೊಣಗಳನ್ನೂ ಕೆಟ್ಟ ನೀರನ್ನೂ ಅನುಭವಿಸಿದರು. ಅವರು ಬಹುಕಾಲ ಹೋರಾಡಿದ ಮೇಲೆ 2014ರ ಡಿಸೆಂಬರಿನಿಂದ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ತನ್ನ ಅಂಗಳವನ್ನು ಗುಡಿಸಿ ನೆರೆಯವನ ಅಂಗಳಕ್ಕೆ ತಳ್ಳುವುದು ಶುದ್ಧಿಯೆನಿಸದು.

ಹಾಗಾದರೆ ಮಾಡಬೇಕಾದುದೇನು? ಮನೆಯನ್ನೆಲ್ಲ ಒಂದೇ ದಿನ ಕೆದಕಿ ದಣಿಯದೆ, ಹಬ್ಬಕ್ಕೆ ಹದಿನೈದು ದಿನ ಮೊದಲೇ ತೊಡಗಿ, ದಿನಕ್ಕೊಂದು ಕಪಾಟನ್ನೋ ಒಂದು ಟ್ರಂಕನ್ನೋ ಪೂರ್ತಿಯಾಗಿ ಬರಿದುಮಾಡುವುದು ಲೇಸು. ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, ಕಳೆದ ಯುಗಾದಿಯಿಂದ ಈ ಯುಗಾದಿಯವರೆಗೆ ಇದು ಒಮ್ಮೆಯಾದರೂ ಬಳಕೆಗೆ ಬಂದಿತೇ ಎಂದು ಕೇಳಬೇಕು. ಬಂದುದಕ್ಕೆ ಒಂದು ಗೊತ್ತಾದ ಸ್ಥಾನವನ್ನು ಕೊಟ್ಟು, ನಿತ್ಯ ಬೇಕಾದುದನ್ನು ಕೈಗೆಟಕುವಲ್ಲಿಯೂ ವರ್ಷಕ್ಕೊಮ್ಮೆ ಬೇಕಾದುದನ್ನು ಮೇಲೆಯೂ ಇರಿಸಬೇಕು. ಬಾರದೆ ಇದ್ದುದು ಗಟ್ಟಿಯಾಗಿದ್ದರೆ ಒಗೆದು, ಒರಸಿ, ಗುಂಡಿ ಹೊಲಿದು, ಬೇಕಾದವರಿಗೆ ಗೌರವದಿಂದ ಕೊಡಬೇಕು. ತಾನು ಉಡಲು ಹೇಸುವ ಹರಕನ್ನು ಕೊಡುವುದು ದಾನವಲ್ಲ. ಕಾಗದ, ಗಾಜು, ಲೋಹ, ಪ್ಲಾಸ್ಟಿಕ್ಕುಗಳನ್ನು ಒಣಗಿದಂತೆಯೇ ಬೇರೆಯಾಗಿರಿಸಿ ಒಣಕಸ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಕೆಟ್ಟ ವಿದ್ಯುತ್ ಉಪಕರಣಗಳನ್ನೂ ಬ್ಯಾಟರಿಗಳನ್ನೂ ಅವುಗಳೊಡನೆ ಬೆರಸದೆ ಪ್ರತ್ಯೇಕವಾಗಿಡಬೇಕು. ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಗುರುತುಮಾಡಬೇಕು. ಅದನ್ನು ಬರಿಗೈಯಿಂದ ಆರಿಸುವವರದೂ ಕಾಯಕವೇ, ಅವರ ಬೆರಳಿನ ರಕ್ತಕ್ಕೆ ಮನೆಯೊಡೆಯನೇ ಹೊಣೆ.

ಇನ್ನು ಕೆಲವು ವಸ್ತುಗಳನ್ನು ಈ ಲೆಕ್ಕದಿಂದ ಅಳೆಯಲಾಗದು. ತೀರಿಹೋದ ತಾಯಿಯ ಸೀರೆ, ತಂದೆಯ ಕನ್ನಡಕ, ಅಜ್ಜಿಯು ರಾಗಿ ಕೇರಿದ ಮೊರ, ಇವು ಬಳಕೆಗೆ ಬಾರದಿದ್ದರೂ ಮನೆಯ ನೆನಪುಗಳಾಗಿವೆ. ಇವುಗಳನ್ನು ಯಾರೂ ಅವಸರದಿಂದ ಹೊರಹಾಕಬೇಕಾಗಿಲ್ಲ. ಮನೆಯ ಹಿರಿಯರನ್ನು ಕೇಳದೆ ಹಾಕಲೇಬಾರದು. ಆದರೆ ತಾಯಿಯ ಇಪ್ಪತ್ತು ಸೀರೆಗಳಲ್ಲಿ ಒಂದನ್ನು ಶುಚಿಯಾಗಿ ಕಣ್ಣೆದುರಿಗಿಟ್ಟು ಉಳಿದವನ್ನು ಉಡುವವರಿಗೆ ಕೊಟ್ಟರೆ, ಆ ತಾಯಿಯ ಹೆಸರಿನಲ್ಲಿ ಹತ್ತೊಂಬತ್ತು ಹೆಣ್ಣುಮಕ್ಕಳು ಹಬ್ಬದ ದಿನ ಒಳ್ಳೆಯ ಸೀರೆಯನ್ನು ಉಡುವರು. ಅದಕ್ಕಿಂತ ಮಿಗಿಲಾದ ಸ್ಮಾರಕವಾವುದು?

ದೊಮ್ಮಲೂರಿನ ಚೊಕ್ಕನಾಥಸ್ವಾಮಿಯ ದೇವಾಲಯದಲ್ಲಿ ಶತಮಾನಗಳಷ್ಟು ಹಳೆಯ ತಮಿಳು ಶಾಸನಗಳುಂಟು. ಅವುಗಳಲ್ಲಿ ಈ ಊರಿಗೆ ತೊಂಬಲೂರು ಎಂಬ ಹೆಸರು ಕಾಣಬರುತ್ತದೆ. ಅಂದಿನ ಮನೆಗಳಿಲ್ಲ, ಆ ಮನೆಗಳ ಅಟ್ಟಗಳಿಲ್ಲ, ಅಟ್ಟಗಳಲ್ಲಿ ಕೂಡಿಟ್ಟ ಸಾಮಾನೊಂದೂ ಉಳಿದಿಲ್ಲ. ಕಲ್ಲಿನ ಮೇಲೆ ಉಳಿದುಬಂದಿರುವುದು ಅವರು ಕೊಟ್ಟುದು ಮಾತ್ರ. ಕೂಡಿಟ್ಟುದನ್ನು ಯಾವ ಶಾಸನವೂ ಹೇಳುವುದಿಲ್ಲ.

ಆದುದರಿಂದ, ಶರಣಬಂಧುಗಳೇ, ಬರುವ ಯುಗಾದಿಯಲ್ಲಿ ಪೊರಕೆಯನ್ನು ಹಿಡಿದ ಕೈಯು ಅಟ್ಟದ ಬಾಗಿಲನ್ನೂ ತೆರೆಯಲಿ. ಎಂದಾದರೂ ಬೇಕಾದೀತೆಂಬ ಮಾತು ಬಂದಾಗ, ಇಂದೇ ಯಾರಿಗೆ ಬೇಕಾಗಿದೆ ಎಂಬ ಮಾತೂ ಜೊತೆಗೆ ಬರಲಿ. ಹಾಗೆ ಬರಿದಾದ ಸ್ಥಳದಲ್ಲಿ ಗಾಳಿಯೂ ಬೆಳಕೂ ಆಡುವುವು. ಬಂದ ಜಂಗಮನಿಗೂ ಅತಿಥಿಗೂ ಕುಳಿತುಕೊಳ್ಳಲು ಎಡೆಯಾಗುವುದು.